ಅಲ್ಯೂಷಿಯನ್ ದ್ವೀಪಗಳು: ಒಂದರಲ್ಲಿ ಹುಲ್ಲು, ಇನ್ನೊಂದರಲ್ಲಿ ಕುರುಚಲು ಯಾಕೆ?

ಸರ್, ಎರಡು ದ್ವೀಪಗಳ ಫೋಟೋ ಹಾಕಿ "ಮಳೆ ಒಂದೇ, ಮಣ್ಣು ಒಂದೇ, ಆದರೂ ಒಂದು ಕಡೆ ಸೊಂಪಾದ ಹುಲ್ಲು, ಇನ್ನೊಂದು ಕಡೆ ಬರೀ ಕುರುಚಲು. ಮರವಂತೂ ಇಲ್ಲವೇ ಇಲ್ಲ. ಯಾಕೆ?" ಅಂತ ಕೇಳಿದ್ದೀರಿ.

ಮರ ಇಲ್ಲದಿರುವುದಕ್ಕೆ ಕಾರಣ ಚಳಿಗಾಲವಲ್ಲ, ಬೇಸಿಗೆ. ಅಲಾಸ್ಕದಿಂದ ರಷ್ಯಾ ಕಡೆಗೆ ಸುಮಾರು 1,900 ಕಿ.ಮೀ. ಚಾಚಿರುವ ಈ ಜ್ವಾಲಾಮುಖಿ ಸಾಲಿಗೆ ಉತ್ತರದಲ್ಲಿ ಬೇರಿಂಗ್ ಸಮುದ್ರ, ದಕ್ಷಿಣದಲ್ಲಿ ಪೆಸಿಫಿಕ್. ಸುತ್ತ ನೀರಿರುವುದರಿಂದ ಈ ಸಾಲಿನ ಉನಲಾಸ್ಕ ದ್ವೀಪದಲ್ಲಿ ಜನವರಿಯ ಸರಾಸರಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆದರೆ ಆಗಸ್ಟಿನಲ್ಲೂ 11-12 ಡಿಗ್ರಿಯಷ್ಟೇ. ವರ್ಷದ ಅತಿ ಬೆಚ್ಚಗಿನ ತಿಂಗಳಲ್ಲಿ ಸರಾಸರಿ 10 ಡಿಗ್ರಿಯಾದರೂ ಇರದಿದ್ದರೆ ಕಾಡು ಬೆಳೆಯದು. ಇವು ಆ ಅಂಚಿನಲ್ಲೇ ಇವೆ. ಜೊತೆಗೆ ಮಂಜು, ಬಿಡದ ಗಾಳಿ. ಹಾಗಿದ್ದೂ 1805ರಲ್ಲಿ ರಷ್ಯನ್ನರು ಉನಲಾಸ್ಕದಲ್ಲಿ ನೆಟ್ಟ ಸಿಟ್ಕಾ ಸ್ಪ್ರೂಸ್ (ಸೂಜಿಯೆಲೆಯ ಮರ) ಗಿಡಗಳಲ್ಲಿ ಕೆಲವು ಉಳಿದುಕೊಂಡಿವೆ.

ಹುಲ್ಲಿನ ವ್ಯತ್ಯಾಸಕ್ಕೆ ಮೂಲ ನರಿ. ತುಪ್ಪಳದ ವ್ಯಾಪಾರಿಗಳು 18ನೇ ಶತಮಾನದಿಂದ ಹಲವು ದ್ವೀಪಗಳಿಗೆ ನರಿ ತಂದು ಬಿಟ್ಟರು. ನೆಲದ ಮೇಲೆ, ಬಿಲದಲ್ಲಿ ಗೂಡು ಕಟ್ಟುವ ಕಡಲಹಕ್ಕಿಗಳನ್ನು ಅವು ತಿಂದು ಮುಗಿಸಿದವು. ಹಕ್ಕಿ ಸಮುದ್ರದಲ್ಲಿ ಮೀನು ತಿಂದು ದ್ವೀಪದಲ್ಲಿ ಹಿಕ್ಕೆ ಹಾಕುತ್ತದೆ. ಅಲ್ಲಿನ ನೆಲಕ್ಕೆ ಸಾರಜನಕ, ರಂಜಕ ಬರುವ ದೊಡ್ಡ ದಾರಿಯೇ ಅದು. 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನರಿ ಇಲ್ಲದ ದ್ವೀಪಗಳಲ್ಲಿ ಬೀಳುವ ಹಿಕ್ಕೆ ನರಿ ಇರುವಲ್ಲಿಗಿಂತ 60 ಪಟ್ಟು ಹೆಚ್ಚು. ಹಿಕ್ಕೆ ಬೀಳುವುದು ನಿಂತುಹೋದ ಕಡೆ ಹುಲ್ಲು ಸೊರಗಿ, ಕಡಿಮೆ ಪೋಷಕಾಂಶದಲ್ಲೂ ಬದುಕುವ ಕುರುಚಲು ಗಿಡಗಳು ಹಬ್ಬಿದವು. ನರಿ ಇದ್ದ ದ್ವೀಪದ ತುಂಡು ನೆಲಕ್ಕೆ ಮೂರು ವರ್ಷ ಗೊಬ್ಬರ ಹಾಕಿ ನೋಡಿದಾಗ ಹುಲ್ಲು ಮರಳಿತು. ಕೊರತೆ ಮಳೆಯದ್ದಲ್ಲ, ಪೋಷಕಾಂಶದ್ದು ಎಂಬುದು ಅಲ್ಲಿಗೆ ಇತ್ಯರ್ಥ!

ನರಿ ತೆಗೆಯುವ ಕೆಲಸ 1949ರಲ್ಲಿ ಶುರುವಾಯಿತು. ನಿರ್ನಾಮವಾಯಿತೆಂದುಕೊಂಡಿದ್ದ ಅಲ್ಯೂಷಿಯನ್ ಹೆಬ್ಬಾತು 1962ರಲ್ಲಿ ಮತ್ತೆ ಸಿಕ್ಕಿದ್ದು, ನರಿ ಕಾಲಿಡದ ಬುಲ್ಡಿರ್ ದ್ವೀಪದಲ್ಲಿ. ಎಂಥ ಸಮಾಧಾನದ ಸುದ್ದಿ! 2001ರ ಹೊತ್ತಿಗೆ ಅದನ್ನು ಅಪಾಯದ ಪಟ್ಟಿಯಿಂದಲೇ ತೆಗೆದರು.

ಕೃಷಿಕರು ಗಮನಿಸಬೇಕಾದ ಇನ್ನೊಂದು ಅಂಶ: ಜ್ವಾಲಾಮುಖಿ ಬೂದಿಯ ಮಣ್ಣು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇರಿಗೆ ಸುಲಭವಾಗಿ ಬಿಡುವುದಿಲ್ಲ. ನಮ್ಮ ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನದ್ದೂ ಇದೇ ಕಥೆ, ಅಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ಕಾರಣ. ಹಾಗಾಗಿ ರಾಕ್ ಫಾಸ್ಫೇಟನ್ನು (ರಂಜಕವಿರುವ ಕಲ್ಲಿನ ಪುಡಿ ಗೊಬ್ಬರ) ತೋಟದ ತುಂಬ ಎರಚಬೇಡಿ. ಅಡಿಕೆಗೆ ಮರವೊಂದಕ್ಕೆ ವರ್ಷಕ್ಕೆ 200 ಗ್ರಾಂ, ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ, ಬುಡದ ಸುತ್ತ ಬಿಡಿಸಿದ ಪಾತಿಗೇ ಹಾಕಿ ಮಣ್ಣು ಮುಚ್ಚಿ.