ಮೈಸೂರಿನ ಜಾವಾ ಬೈಕ್ ಫ್ಯಾಕ್ಟರಿಯಲ್ಲಿ ಎಂಜಿನ್ ಕೂಡ ಮಾಡುತ್ತಿದ್ದರಾ, ಬರೀ ಜೋಡಿಸುತ್ತಿದ್ದರಾ?

ಎಂಜಿನ್ನನ್ನೂ ಇಲ್ಲೇ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ಅದೇ ಫ್ಯಾಕ್ಟರಿಯ ಯೆಜ್ಡಿ ಬೈಕು ಇವತ್ತಿಗೂ ಓಡುತ್ತಿದೆ. ಅದರ ಎಂಜಿನ್ ಬಿಚ್ಚಿ ಜೋಡಿಸಿದವನಾಗಿ ನಿಮ್ಮ ಪ್ರಶ್ನೆಗೆ ಖುಷಿಯಿಂದ ಉತ್ತರ ಬರೆಯುತ್ತಿದ್ದೇನೆ.

ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು 1961ರಲ್ಲಿ. ಕಟ್ಟಿದವರು ಇರಾನಿ ಅನ್ನುವ ಮನೆತನದವರು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಮೊದಮೊದಲು ಜೆಕೊಸ್ಲೊವಾಕಿಯಾದಿಂದ ಬಿಡಿಭಾಗಗಳು ಬರುತ್ತಿದ್ದವು, ಇಲ್ಲಿ ಜೋಡಿಸುತ್ತಿದ್ದರು. ನೀವು ಕೇಳಿರುವ ‘ಬರೀ ಜೋಡಣೆ’ ಮಾತು ಹುಟ್ಟಿದ್ದು ಅದರಿಂದಲೇ ಇರಬೇಕು. ಆದರೆ ಅದು ಶುರುವಿನ ಕಥೆ ಅಷ್ಟೆ. ಆಮೇಲೆ ಒಂದೊಂದೇ ಭಾಗ ಇಲ್ಲಿಯದೇ ಆಯಿತು. 1973ರ ಹೊತ್ತಿಗೆ ಗಾಡಿಯ ಹೆಸರೇ ಬದಲಾಗಿ ಯೆಜ್ಡಿ ಬಂತು.

ಎಂಜಿನ್ನನ್ನು ಇಲ್ಲೇ ಮಾಡುವುದು ಸಣ್ಣ ಕೆಲಸ ಅಲ್ಲ. ಜಾವಾದ್ದು ಟು-ಸ್ಟ್ರೋಕ್ ಎಂಜಿನ್, ಅಂದರೆ ಪಿಸ್ಟನ್ ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋದರೆ ಒಂದು ಸುತ್ತು ಮುಗಿಯುವಂಥದ್ದು. ಅದಕ್ಕೆ ವಾಲ್ವ್ ಇಲ್ಲ, ವಾಲ್ವ್ ತೆರೆಯುವ ಕ್ಯಾಮ್ ಇಲ್ಲ, ಹಾಗಾಗಿ ಸುಲಭ ಅಂತ ಕಾಣುತ್ತದೆ. ಆದರೆ ಪೆಟ್ರೋಲು ಗಾಳಿ ಸೇರಿದ ಮಿಶ್ರಣ ಮೊದಲು ಹೋಗುವುದು ಎಂಜಿನ್ನಿನ ಕೆಳಗಿನ ಪೆಟ್ಟಿಗೆಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ. ಪಿಸ್ಟನ್ ಇಳಿಯುವಾಗ ಅದು ಅಲ್ಲೇ ಒತ್ತಿಕೊಂಡು, ಪಕ್ಕದ ದಾರಿಗಳಲ್ಲಿ ಸಿಲಿಂಡರಿಗೆ ನುಗ್ಗಬೇಕು. ಕ್ರ್ಯಾಂಕ್‌ಕೇಸಿನ ಎರಡು ಹೋಳು ಕೂದಲೆಳೆಯಷ್ಟು ಹೊಂದದಿದ್ದರೂ, ಒಂದು ಆಯಿಲ್ ಸೀಲ್ ಸೋರಿದರೂ ಎಂಜಿನ್ ಸರಿಯಾಗಿ ನಡೆಯುವುದಿಲ್ಲ. ಅಂಥದ್ದನ್ನು ವರ್ಷಗಟ್ಟಲೆ ಒಂದೇ ಅಳತೆಯಲ್ಲಿ ಮಾಡಬೇಕಾದರೆ ಕೈ ಪಳಗಿದ ಕೆಲಸಗಾರರೇ ಬೇಕು, ಅಲ್ವಾ? ಮೈಸೂರಿನವರು ಆ ಕೆಲಸ ಕಲಿತದ್ದು ನನಗೆ ತುಂಬಾ ದೊಡ್ಡ ವಿಷಯ.

ಎರಡು ಸೈಲೆನ್ಸರ್ ನೋಡಿ ಎರಡು ಸಿಲಿಂಡರ್ ಅಂದುಕೊಳ್ಳುವವರು ಜಾಸ್ತಿ. 250 ಸಿಸಿ ಗಾಡಿಯಲ್ಲಿ ಇರುವುದು ಒಂದೇ ಸಿಲಿಂಡರ್, ಹೊಗೆ ಹೋಗುವ ಬಾಯಿ ಮಾತ್ರ ಎರಡು. ಸಿಲಿಂಡರಿನ ಒಳ ಅಗಲ 65 ಮಿ.ಮೀ., ಪಿಸ್ಟನ್ ಓಡುವ ಉದ್ದ 75 ಮಿ.ಮೀ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಗೇರ್ ತುಳಿದಾಗ ಕ್ಲಚ್ ತಾನೇ ಬಿಡುತ್ತದೆ. ಇಷ್ಟು ಜಾಣ ಕೆಲಸ ಇವತ್ತಿನ ಗಾಡಿಗಳಲ್ಲೂ ಕಡಿಮೆ.

ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. 80ರ ದಶಕದ ನಡುವೆ ಜಪಾನಿನ ಜೊತೆಗಾರಿಕೆಯಲ್ಲಿ 100 ಸಿಸಿ ಬೈಕುಗಳು ಬಂದವು. ಅದರಲ್ಲೂ ಹೀರೊ ಹೋಂಡಾದ ಫೋರ್-ಸ್ಟ್ರೋಕ್ ಬೈಕು ಕೊಡುತ್ತಿದ್ದ ಮೈಲೇಜು ಜನರಿಗೆ ಹಿಡಿಸಿತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಉರಿಸುವ ಎಂಜಿನ್ ಹೊಗೆ ಬಿಡುವುದು ಸಹಜ, ಹೊಗೆಯ ನಿಯಮಗಳೋ 1991ರಿಂದ ಬಿಗಿಯಾಗುತ್ತಾ ಹೋದವು. ಆ ವಿನ್ಯಾಸವನ್ನು ಹೊತ್ತಿಗೆ ಸರಿಯಾಗಿ ಬದಲಿಸಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಕೆಲಸಗಾರರಿಗೆ ಎಂಥ ಎಂಜಿನ್ನಾದರೂ ಮಾಡುವ ಶಕ್ತಿ ಇತ್ತು.

ಒಂದು ವಿಷಯ ಗಮನಿಸಿ. 2018ರಿಂದ ಮಾರಾಟವಾಗುತ್ತಿರುವ ಹೊಸ ಜಾವಾಗೂ ಯಾದವಗಿರಿಗೂ ಸಂಬಂಧವಿಲ್ಲ. ಅದು ಫೋರ್-ಸ್ಟ್ರೋಕ್, ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಮೈಸೂರಿನ ಎಂಜಿನ್ ನೋಡುವ ಆಸೆ ಇದ್ದರೆ ಜುಲೈ ತಿಂಗಳ ಎರಡನೇ ಭಾನುವಾರ, ಜಾವಾ ದಿನಕ್ಕೆ ಬನ್ನಿ. ಹಳೇ ಗಾಡಿಗಳ ಮಾಲೀಕರು ಖುಷಿಯಿಂದ ತೋರಿಸುತ್ತಾರೆ.