ಬಿಸಿಲು ಮಾಡಿದ ತಪ್ಪಿಗೆ ಸಾರಿ ಕೇಳುವವರು

ಮೇ ತಿಂಗಳು ಬಂತೆಂದರೆ ನನ್ನ ಹತ್ತಿರ ಆಪ್ತಸಲಹೆಗೆ ಒಂದೇ ಥರದ ಗಂಡಸರು ಬರುತ್ತಾರೆ. ಬಿಸಿಲಲ್ಲಿ ನಿಂತು ಕೆಲಸ ಮಾಡಿಸುವವರು, ನರ್ಸರಿಯವರು, ಟ್ಯಾಂಕರ್ ಓಡಿಸುವವರು. ತಾವಾಗಿ ಬರುವುದು ಕಡಿಮೆ, ಹೆಂಡತಿಯೋ ಅಕ್ಕನೋ ಎಳೆದುಕೊಂಡು ಬಂದಿರುತ್ತಾರೆ. ದೂರು ಒಂದೇ: "ಮಾತಾಡಿಸಿದರೆ ಸಾಕು, ಸಿಡುಕುತ್ತಾರೆ." ಹಾಗೆ ಬಂದ ಒಬ್ಬರ ವಿಷಯ ಇದು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ. ಅವರ ಕೆಲಸದವರು ಕರೆಯುವ ಹಾಗೆ ಮೇಸ್ತ್ರಿ ಅನ್ನೋಣ.

ಬೆಂಗಳೂರಿನ ಅಪಾರ್ಟ್‌ಮೆಂಟು, ವಿಲ್ಲಾಗಳಿಗೆ ಗಾರ್ಡನ್ ಮಾಡಿಕೊಟ್ಟು, ತಿಂಗಳ ಲೆಕ್ಕದಲ್ಲಿ ನೋಡಿಕೊಳ್ಳುವುದು ಮೇಸ್ತ್ರಿಯ ಕಸುಬು. ಅದು 2024ರ ಬೇಸಿಗೆ. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಮಾರ್ಚ್‌ನಲ್ಲೇ ಹೇಳಿತ್ತು. ಬೋರ್‌ವೆಲ್‌ಗಳು ಸಾಲಾಗಿ ಬತ್ತಿದ್ದವು. ಏಪ್ರಿಲ್ ಪೂರ್ತಿ ಒಣ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರಲ್ಲ, ಆ ಮಳೆಗೇ ಎಲ್ಲರೂ ಕಾದಿದ್ದರು.

ಮನೆ ಮುಂದೆ ರಸ್ತೆ ಬದಿಯಲ್ಲಿ ಮೇಸ್ತ್ರಿ ಗಿರಾಕಿಗಳಿಗೆಂದು ತಂದ ಸಸಿಗಳನ್ನು ಇಟ್ಟಿದ್ದರು. ಸಂಜೆ ಟ್ಯಾಂಕರ್ ಬರುತ್ತಿತ್ತು, ಪೈಪ್ ಹಿಡಿದು ನೀರು ಬಿಡುತ್ತಿದ್ದರು. ಎದುರು ಮನೆ ಅಜ್ಜಿ ಒಂದು ದಿನ ಗೇಟಿಗೆ ಬಂದು, "ನಮಗೆ ಕುಡಿಯೋಕೆ ನೀರಿಲ್ಲ, ನಿಮ್ಮ ಗಿಡಕ್ಕೆ ಟ್ಯಾಂಕರ್ರಾ?" ಅಂದರು. ಮೇಸ್ತ್ರಿ ಆಡಬಾರದ ಮಾತು ಆಡಿದರು. ಬೀದಿಯವರೆಲ್ಲ ಹೊರಗೆ ಬಂದು ನೋಡಿದರು. ಮನೆಯೊಳಗೂ ಅದೇ ದನಿ. ಮಗ ಅಪ್ಪನ ಎದುರು ಬರುವುದನ್ನೇ ಬಿಟ್ಟಿದ್ದ.

ಮೊದಲ ಭೇಟಿಗಳಲ್ಲಿ ಹೆಚ್ಚೇನೂ ಆಗಲಿಲ್ಲ. ನಿದ್ದೆ ಎಷ್ಟು, ಕುಡಿತ ಇದೆಯಾ ಅಂತ ಕೇಳಿದೆ. ಬಿಪಿ ತೋರಿಸಿಕೊಂಡು ಬನ್ನಿ ಅಂತ ಡಾಕ್ಟರ ಹತ್ತಿರ ಕಳಿಸಿದೆ. ಎಲ್ಲದಕ್ಕೂ ಅವರದು ಒಂದೇ ಉತ್ತರ: "ಒಂದು ಮಳೆ ಬಿದ್ರೆ ಎಲ್ಲಾ ಸರಿಹೋಗುತ್ತೆ ಮೇಡಂ."

ಆಮೇಲೊಂದು ದಿನ ಹೆಂಡತಿಯನ್ನೂ ಒಳಗೆ ಕೂರಿಸಿಕೊಂಡೆ. ಕೋಪದ ಮಾತು ಎತ್ತಲಿಲ್ಲ. "ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದಿರಿ, ಹೇಳಿ" ಅಂದೆ.

ಬೆಳಿಗ್ಗೆ ಆರಕ್ಕೆ ಒಂದು ವಿಲ್ಲಾ. ಮೆಕ್ಸಿಕನ್ ಹುಲ್ಲು ಕಂದಿದೆ ಅಂತ ಯಜಮಾನರ ತಕರಾರು. ಸಾರಿ ಸರ್, ಗೊಬ್ಬರ ಹಾಕ್ತೀನಿ ಅಂದರು. ಗೊಬ್ಬರದಿಂದ ಏನೂ ಆಗಲ್ಲ ಅಂತ ಅವರಿಗೂ ಗೊತ್ತು. ಆಮೇಲೆ ಅಪಾರ್ಟ್‌ಮೆಂಟು. ಗಿಡಕ್ಕೆ ಶುದ್ಧೀಕರಿಸಿದ ಕೊಳಚೆ ನೀರು ಹಾಯಿಸಿದರೆ ವಾಸನೆ ಅಂತ ಸಂಘದವರು ಬೈದರು. ಅಲ್ಲೂ ಸಾರಿ. ಮಧ್ಯಾಹ್ನ ವಾಟ್ಸಾಪ್‌ನಲ್ಲಿ ಒಬ್ಬರು ಒಣಗಿದ ದಾಸವಾಳದ ಫೋಟೋ ಕಳಿಸಿದರು. ಅದಕ್ಕೂ ಸಾರಿ. ಹೇಳುತ್ತಾ ಹೇಳುತ್ತಾ ಅವರಿಗೇ ನಗು ಬಂತು. "ಬಿಸಿಲು ಮಾಡಿದ ತಪ್ಪಿಗೆ ನಾನು ಸಾರಿ ಕೇಳ್ಕೊಂಡು ತಿರುಗ್ತಾ ಇದೀನಲ್ಲ ಮೇಡಂ" ಅಂದರು.

ಹೆಂಡತಿ ನಗಲಿಲ್ಲ. "ಅಷ್ಟೂ ಸಾರಿ ಅಲ್ಲೇ ಖರ್ಚಾಗಿಬಿಡುತ್ತೆ. ಮನೆಗೆ ಬರೋ ಹೊತ್ತಿಗೆ ಒಂದೂ ಉಳಿದಿರಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಗಿರಾಕಿ ಮನೆ ಹುಲ್ಲು ಒಣಗಿದ್ರೆ ಇವರಿಗೆ ನಿದ್ದೆ ಬರಲ್ಲ. ಹೋದ ತಿಂಗಳು ನಂಗೆ ಜ್ವರ ಬಂದಾಗ ಗೊರಕೆ ಹೊಡೀತಿದ್ರು" ಅಂತ ಸೇರಿಸಿದರು.

ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ನನಗೆ ಆಗ ದಾರಿ ಕಂಡಿತು.

ನಾನು ಕೊಟ್ಟ ಸಲಹೆ ಕೇಳಿ ನನ್ನ ಸಹೋದ್ಯೋಗಿಯೊಬ್ಬರು ಮುಖ ಸಿಂಡರಿಸಿದರು. ಇದು ಆಪ್ತಸಲಹೆಯಲ್ಲ, ವ್ಯಾಪಾರದ ಸಲಹೆ ಅಂದರು. ಇರಬಹುದು. ಉಸಿರಾಟ ಗಮನಿಸಿ, ಹತ್ತರವರೆಗೆ ಎಣಿಸಿ ಅಂತ ನಾನೂ ಹೇಳಿಕೊಡುತ್ತೇನೆ. ಆದರೆ ದಿನವಿಡೀ ತನ್ನದಲ್ಲದ ತಪ್ಪು ಒಪ್ಪಿಕೊಳ್ಳುವ ಮನುಷ್ಯ ಸಂಜೆ ಹತ್ತರವರೆಗೆ ಎಣಿಸಿದರೆ ಏನು ಬಂತು? ಕೋಪ ಹುಟ್ಟುವುದು ಬೆಳಿಗ್ಗೆ ಆರಕ್ಕೆ, ಆ ಲಾನಿನ ಮೇಲೆ. ಮದ್ದು ಅಲ್ಲೇ ಹಾಕಬೇಕು.

ಹಾಗಾಗಿ ಮೊದಲು ಗಿರಾಕಿಗಳಿಗೆಲ್ಲ ನಿಜ ಹೇಳಿ ಅಂದೆ. ಹೊಸದಾಗಿ ನೆಟ್ಟ ಮರಗಳಿಗೆ ಮೊದಲು ನೀರು, ಬುಡಕ್ಕೆ ತರಗೆಲೆಯ ಹೊದಿಕೆ. ಗರಿಕೆ ಜಾತಿಯ ಹುಲ್ಲು ಕಂದಿದರೂ ಬೇರು ಉಳಿದರೆ ಮಳೆಗೆ ಚಿಗುರುತ್ತದೆ. ಉಳಿದ ಲಾನ್ ಹೋದರೆ ಹೋಯಿತು, ಜೂನ್‌ನಲ್ಲಿ ನೋಡೋಣ. ಇದೆಲ್ಲ ಅವರೇ ನನಗೆ ಹೇಳಿಕೊಟ್ಟಿದ್ದು. ಗಿರಾಕಿಗೆ ಮಾತ್ರ ಹೇಳಿರಲಿಲ್ಲ, ಕೆಲಸ ಹೋಗುತ್ತೆ ಅಂತ. ಒಂದು ಕೆಲಸ ಹೋಗಬಹುದು ಅಂತ ಲೆಕ್ಕ ಹಾಕಿಯೇ ಹೇಳಿ ಅಂದೆ. ಸುಮ್ನೆ ಧೈರ್ಯ ತುಂಬಿ ಕಳಿಸಲಿಲ್ಲ. ಆ ತಿಂಗಳ ಖರ್ಚನ್ನು ಹೆಂಡತಿಯ ಜೊತೆ ಕೂತು ಬರೆಸಿದೆ.

ಬಿಸಿಲಿನ ಹೊತ್ತಿನ ಕೆಲಸ ನಿಲ್ಲಿಸಿ ಅಂತಲೂ ಹೇಳಿದೆ. ಕಲಬುರಗಿ ಕಡೆ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟರಿಂದ ಒಂದೂವರೆವರೆಗೆ ನಡೆಯುತ್ತವೆ. ಫ್ಯಾನಿನ ಕೆಳಗೆ ಕೂರುವವರಿಗೆ ಸಿಗುವ ಈ ಅನುಕೂಲ ಗುದ್ದಲಿ ಹಿಡಿದವರಿಗೆ ಯಾಕಿಲ್ಲ ಅಂತ ನನಗೆ ಯಾವತ್ತೂ ಅರ್ಥವಾಗಿಲ್ಲ.

ಅಜ್ಜಿಯ ವಿಷಯ ಬೇರೆ. ಆ ಟ್ಯಾಂಕರ್ ನೀರು ಕುಡಿಯುವ ನೀರೇ ಅಲ್ಲ, ಶುದ್ಧೀಕರಿಸಿದ ಕೊಳಚೆ ನೀರು. ಮತ್ತೆ ಹೇಳಬಾರದಿತ್ತಾ ಅಂದೆ. "ಕೊಳಚೆ ನೀರು ಅಂದ್ರೆ ಗಬ್ಬುನಾತ ಅಂತ ಇನ್ನೊಂದು ಜಗಳ ಶುರುವಾಗುತ್ತೆ ಮೇಡಂ." ನಕ್ಕೆ, ಆದರೆ ಬಿಡಲಿಲ್ಲ. ಹಣ್ಣು, ಸ್ವೀಟು ತಗೊಂಡು ಹೋಗಬೇಡಿ, ಬರಿಗೈಯಲ್ಲಿ ಹೋಗಿ ಅಂದೆ. ಬೈದದ್ದು ತಪ್ಪಾಯ್ತಮ್ಮ ಅನ್ನಿ, ನೀರು ಎಲ್ಲಿಂದ ಬರುತ್ತೆ ಅಂತಲೂ ಹೇಳಿ. ನಮ್ಮಲ್ಲಿ ಸಿಹಿ ಕೊಟ್ಟು ಮಾತು ನುಂಗಿಬಿಡುವ ಅಭ್ಯಾಸ ಜಾಸ್ತಿ. ನನಗದು ಇಷ್ಟವಿಲ್ಲ.

ಒಬ್ಬ ಗಿರಾಕಿ ಬಿಟ್ಟು ಹೋದರು. ಇನ್ನೊಬ್ಬರು, ಆ ಲಾನ್ ತೆಗೆಸಬೇಕು ಅಂತಲೇ ಇದ್ದೆ, ನೀವು ಬೇಜಾರು ಮಾಡ್ಕೋತೀರಿ ಅಂತ ಸುಮ್ಮನಿದ್ದೆ ಅಂದರಂತೆ! ಅಜ್ಜಿ ಮೇಸ್ತ್ರಿಯ ಜೊತೆ ಈಗಲೂ ಮಾತಾಡುವುದಿಲ್ಲ, ಅವರ ಹೆಂಡತಿಯ ಜೊತೆ ಮಾತಾಡುತ್ತಾರೆ. ಮಗನ ವಿಷಯದಲ್ಲಿ ಕೆಲಸ ಇನ್ನೂ ಬಾಕಿಯಿದೆ.

ನಿಮ್ಮ ಮನೆಯಲ್ಲೂ ಹೀಗೆ ಬಿಸಿಲಿಗೆ ದುಡಿಯುವವರಿದ್ದರೆ, ಸಿಡುಕುತ್ತಾರೆ ಅನ್ನುವ ಮೊದಲು ಅವರ ಬೆಳಗಿನ ವಿಷಯ ಕೇಳಿ ನೋಡಿ. ಕೈಮೀರಿದೆ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಳೆ ಹಿಡಿದ ಮೇಲೆ ಮೇಸ್ತ್ರಿ ಬರಲಿಲ್ಲ. ಈ ಕಸುಬಿನವರು ಯಾರೂ ಬರುವುದಿಲ್ಲ, ನೆಡುವ ಕೆಲಸ ಜಾಸ್ತಿ ಇರುತ್ತದೆ. ಬಿಸಿಲು ಏರುವ ಮೊದಲೇ, ಫೆಬ್ರವರಿಯಲ್ಲಿ ಬನ್ನಿ ಅಂತ ಫೋನಿನಲ್ಲಿ ಹೇಳಿ ದಿನ ಗೊತ್ತುಮಾಡಿದೆ. ನೆನಪಿಸೋಕೆ ನಂಬರ್ ಕೇಳಿದರೆ ಹೆಂಡತಿಯ ನಂಬರ್ ಕೊಟ್ಟರು.