ಮಾವನ ಮೂಳೆಗೆ ಯಾರ ರಕ್ತ?

ಪ್ರಶ್ನೆ: ನನ್ನ ತಾಯಿಯ ಅಣ್ಣ 1998ರ ಮಳೆಗಾಲದಲ್ಲಿ ಮನೆಯಿಂದ ಹೋದವರು ತಿರುಗಿ ಬರಲಿಲ್ಲ. ಕಳೆದ ತಿಂಗಳು ನಮ್ಮ ತೋಟದಲ್ಲಿ ಜೆಸಿಬಿ ಕೆಲಸ ಮಾಡುವಾಗ ಮನುಷ್ಯರ ಮೂಳೆ ಸಿಕ್ಕಿತು. ಪೊಲೀಸರು ಒಯ್ದಿದ್ದಾರೆ. ಅಮ್ಮ ಈಗಿಲ್ಲ. ಮಾವನ ಮಗ ರಕ್ತ ಕೊಡಲು ಮುಂಬೈಯಿಂದ ಬರುತ್ತಾನಂತೆ. ನನ್ನದು ಸಾಲದೇ? ನಮ್ಮದು ಅಳಿಯಕಟ್ಟಿನ ಮನೆ, ವಂಶ ಎಣಿಸುವುದು ತಾಯಿಯಿಂದ. ಬೊಜ್ಜ (ಉತ್ತರಕ್ರಿಯೆ) ಯಾವಾಗ ಅಂತ ಹಿರಿಯರು ಕೇಳುತ್ತಿದ್ದಾರೆ.
– ಹೆಸರು ಬೇಡ, ಕಾಪು

ಉತ್ತರ: ಅವನೂ ಬರಲಿ, ನೀವೂ ಹೋಗಿ.

ಮಗನಲ್ಲಿ ತಂದೆಯ ಅರ್ಧ ಡಿಎನ್‌ಎ ಇರುತ್ತದೆ. ಮೂಳೆಯಲ್ಲಿ ಅದು ಚೆನ್ನಾಗಿ ಉಳಿದಿದ್ದರೆ ಮಗನ ರಕ್ತದಷ್ಟು ಗಟ್ಟಿ ಸಾಕ್ಷಿ ನಿಮ್ಮದಲ್ಲ. ಆದರೆ ಉಳಿದಿರಬೇಕಲ್ವಾ? ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಹುಳಿ, ಅಂದರೆ ಆಮ್ಲೀಯ. ಮೇಲಿಂದ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ. ಸೆಕೆ ಬೇರೆ. ಒಣ ಊರಿನ ಮೂಳೆಗೆ ಈ ಕಷ್ಟವಿಲ್ಲ. ಅದಕ್ಕೇ ಲ್ಯಾಬಿನವರು ತೊಡೆಯ ಮೂಳೆ, ದವಡೆ ಹಲ್ಲು, ಕಿವಿಯ ಒಳಗಿನ ಗಟ್ಟಿ ಮೂಳೆ ಹುಡುಕುತ್ತಾರೆ. ಮೇಲ್ಪದರ ಕೆರೆದು, ಪುಡಿ ಮಾಡಿ, ಕ್ಯಾಲ್ಸಿಯಂ ಕರಗಿಸಿ ಡಿಎನ್‌ಎ ತೆಗೆಯುತ್ತಾರೆ.

ಅಲ್ಲೂ ಸಿಗದಿದ್ದರೆ ಮೈಟೊಕಾಂಡ್ರಿಯಾ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗ. ಒಂದು ಜೀವಕೋಶದಲ್ಲಿ ಇದರ ಡಿಎನ್‌ಎ ನೂರಾರು ಪ್ರತಿ ಇರುತ್ತದೆ, ಹಾಗಾಗಿ ಒಂದೆರಡಾದರೂ ಉಳಿದಿರುವ ಸಂಭವ ಹೆಚ್ಚು. ಇದು ಬರುವುದು ತಾಯಿಯಿಂದ ಮಾತ್ರ. ಅಳಿಯಕಟ್ಟಿನವರಿಗೆ ನಾನೇನು ವಿವರಿಸಲಿ! ನಿಮ್ಮ ‘ಬರಿ’ (ತಾಯಿಯಿಂದ ಬರುವ ಕುಲದ ಹೆಸರು) ಬಂದ ದಾರಿಯಲ್ಲೇ ಇದೂ ಬರುತ್ತದೆ. ಅಜ್ಜಿಯಿಂದ ಮಾವನಿಗೂ ನಿಮ್ಮ ಅಮ್ಮನಿಗೂ, ಅಮ್ಮನಿಂದ ನಿಮಗೂ. ಮಾವನ ಮಗನಿಗೆ ಬಂದಿರುವುದು ಅವನ ತಾಯಿಯದು. ಇಲ್ಲಿ ಅವನ ರಕ್ತ ಉಪಯೋಗಕ್ಕಿಲ್ಲ, ಅಳಿಯನದೇ ಬೇಕು. ರಷ್ಯಾದ ಕೊನೆಯ ರಾಣಿಯ ಮೂಳೆ ಗುರುತಿಸಲು 1993ರಲ್ಲಿ ಇಂಗ್ಲೆಂಡಿನ ಪ್ರಿನ್ಸ್ ಫಿಲಿಪ್ ರಕ್ತ ಕೊಟ್ಟದ್ದೂ ಇದೇ ಲೆಕ್ಕದಲ್ಲಿ. ಅವರ ತಾಯಿಯ ತಾಯಿಗೆ ಆ ರಾಣಿ ತಂಗಿ.

ಒಂದು ತೊಡಕಿದೆ. ತಾಯಿಯಿಂದ ಬಂದ ಸಾಲಿನ ಎಲ್ಲರಲ್ಲೂ ಇದು ಒಂದೇ. ಹೊಂದಿಕೆಯಾದರೂ ರಿಪೋರ್ಟಿನಲ್ಲಿ ‘ಇವರೇ’ ಅಂತ ಇರುವುದಿಲ್ಲ, ‘ಇವರಲ್ಲ ಎನ್ನಲಾಗದು’ ಎಂಬಂತೆ ಇರುತ್ತದೆ. ಹೊಂದಿಕೆಯಾಗದಿದ್ದರೆ ಮಾತ್ರ ಮಾತು ಖಡಾಖಂಡಿತ. ಪರೀಕ್ಷೆಗೂ ಬಗೆಹರಿಯದ್ದು ಇರುತ್ತದೆ. 2010ರ ಮೇ 22ರಂದು ಮಂಗಳೂರಿನ ಬಜಪೆಯಲ್ಲಿ ವಿಮಾನ ಬಿದ್ದು 158 ಜನ ಹೋದರಲ್ಲ, ಕೊನೆಗೂ ಗುರುತು ಸಿಗದ 12 ದೇಹಗಳನ್ನು ಕೂಳೂರಿನಲ್ಲಿ ಒಟ್ಟಿಗೆ ಮಣ್ಣು ಮಾಡಬೇಕಾಯಿತು.

ಆ ಮೂಳೆಯನ್ನು ಬರಿಗೈಯಲ್ಲಿ ಎತ್ತಿದವರು ಯಾರೆಲ್ಲ ಅಂತ ಪೊಲೀಸರಿಗೆ ಹೇಳಿ. ಬೆವರಿನ ಡಿಎನ್‌ಎ ಕೂಡ ಮೂಳೆಗೆ ಹತ್ತುತ್ತದೆ. ಅವರ ಸ್ಯಾಂಪಲ್ ಇದ್ದರೆ ಲ್ಯಾಬಿನವರು ಅದನ್ನು ಬೇರೆ ಮಾಡಬಹುದು. ಅಟ್ಟದ ಪೆಟ್ಟಿಗೆಯನ್ನೂ ಒಮ್ಮೆ ಜಾಲಾಡಿ. ಮಾವ ಎಂದಾದರೂ ಕೈಕಾಲು ಮುರಿದುಕೊಂಡು ತೆಗೆಸಿದ ಎಕ್ಸ್‌ರೇ, ಹಲ್ಲಿನ ಡಾಕ್ಟರ ಚೀಟಿ ಸಿಕ್ಕರೆ ಡಿಎನ್‌ಎಯ ಅರೆಬರೆ ಉತ್ತರಕ್ಕೆ ಬಲ ಬರುತ್ತದೆ.

ಬೊಜ್ಜಕ್ಕೆ ಈಗಲೇ ದಿನ ನೋಡಬೇಡಿ. ರಿಪೋರ್ಟ್ ಬರಲಿ. ಆ ತೋಟ ನಿಮ್ಮ ಕೈಗೆ ಬರುವ ಮೊದಲು ಯಾರದಾಗಿತ್ತು ಅಂತ ಹಿರಿಯರನ್ನೇ ಸುಮ್ನೆ ಕೇಳಿ ನೋಡಿ. ಮೂಳೆ ಮಾವನದೇ ಆಗಿರಬೇಕು ಅಂತೇನಿಲ್ಲ.